ನೆಲವೂ ಡೊಂಕಿರಬಹುದು

ಪಿಯುಸಿ ಫಲಿತಾಂಶ ಬಂದ ಮರುದಿನ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕುಳಿತವರಿಗೆ ಎರಡು ಬಗೆಯ ಮಾತುಗಳು ಚಿರಪರಿಚಿತ. ಫಲಿತಾಂಶ ಏರಿದ್ದರೆ ‘ಸ್ಪೆಷಲ್ ಕ್ಲಾಸ್ ತೆಗೆದುಕೊಂಡದ್ದು ಸಾರ್ಥಕವಾಯಿತು’ ಎನ್ನುತ್ತೇವೆ. ಇಳಿದಿದ್ದರೆ ‘ಈ ಸಲದ ಬ್ಯಾಚೇ ವೀಕು’ ಎನ್ನುತ್ತೇವೆ. ಅದೇ ಹೊತ್ತಿಗೆ ವಿದ್ಯಾರ್ಥಿಗಳ ಮನೆಗಳಲ್ಲಿ ಇದರ ತಿರುವುಮುರುವು ನಡೆದಿರುತ್ತದೆ: ಮಗ ಪಾಸಾದದ್ದು ಅವನ ಶ್ರಮದಿಂದ, ಫೇಲಾದದ್ದು ಪೇಪರ್ ಟಫ್ ಇದ್ದದ್ದರಿಂದ, ಇಲ್ಲವೇ ಲೆಕ್ಚರರ್ ಸರಿಯಾಗಿ ಪಾಠ ಮಾಡದೇ ಇದ್ದದ್ದರಿಂದ. ಯಾರೂ ಸುಳ್ಳು ಹೇಳುತ್ತಿರುವುದಿಲ್ಲ ಎಂಬುದೇ ಇದರಲ್ಲಿನ ಸ್ವಾರಸ್ಯ.

ಕುಣಿಯಲಾರದವಳು ನೆಲ ಡೊಂಕು ಅಂದಳು ಎಂಬ ಗಾದೆಯನ್ನು ಇಂಥ ಕಡೆ ಧಾರಾಳವಾಗಿ ಬಳಸುತ್ತೇವೆ. ತನ್ನ ಸೋಲಿಗೆ ಹೊರಗೆ ಕಾರಣ ಹುಡುಕುವ ಮನುಷ್ಯಸ್ವಭಾವವನ್ನು ಅದು ಚೆನ್ನಾಗಿಯೇ ಹಿಡಿದಿದೆ. ಆದರೆ ಗಾದೆ ಹೇಳುವವರು ಒಮ್ಮೆಯೂ ಬಗ್ಗಿ ನೆಲವನ್ನು ನೋಡಿರುವುದಿಲ್ಲ. ಕುಣಿಯುವವಳದು ಒಂದು ಬಗೆಯ ತಪ್ಪಾದರೆ ನೋಡುವವರದು ಇನ್ನೊಂದು ಬಗೆಯದು, ಮತ್ತು ಮನೋವಿಜ್ಞಾನಿಗಳು ಹೆಚ್ಚು ತಲೆಕೆಡಿಸಿಕೊಂಡಿರುವುದು ಈ ಎರಡನೆಯದರ ಬಗ್ಗೆ.

ಜನರು ಒಬ್ಬರ ನಡೆಗೆ ಹೇಗೆ ಕಾರಣ ಹಚ್ಚುತ್ತಾರೆ ಎಂಬ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಎತ್ತಿದವರು ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಫ್ರಿಟ್ಜ್ ಹೈಡರ್. ಅವರ ಮುಖ್ಯ ಕೃತಿ ಬಂದದ್ದು 1958ರಲ್ಲಿ. 1967ರಲ್ಲಿ ಎಡ್ವರ್ಡ್ ಜೋನ್ಸ್ ಮತ್ತು ವಿಕ್ಟರ್ ಹ್ಯಾರಿಸ್ ಕ್ಯೂಬಾದ ಫಿಡೆಲ್ ಕ್ಯಾಸ್ಟ್ರೋ ಪರವಾಗಿ ಅಥವಾ ವಿರುದ್ಧವಾಗಿ ಬರೆದ ಪ್ರಬಂಧಗಳನ್ನು ಓದಲು ಕೊಟ್ಟು, ಬರೆದವನ ನಿಜವಾದ ನಿಲುವು ಏನಿರಬಹುದು ಎಂದು ಕೇಳಿದರು. ಯಾವ ಪಕ್ಷ ವಹಿಸಬೇಕೆಂಬುದನ್ನು ಬೇರೆಯವರು ಗೊತ್ತುಮಾಡಿ ಬರೆಸಿದ್ದು ಎಂದು ಸ್ಪಷ್ಟವಾಗಿ ತಿಳಿಸಿದ ಮೇಲೂ ಓದುಗರು, ಪರವಾಗಿ ಬರೆದವನು ಒಳಗೊಳಗೆ ಕ್ಯಾಸ್ಟ್ರೋ ಪರವೇ ಇರಬೇಕೆಂದು ಎಣಿಸಿದರು. ನಮ್ಮ ಚರ್ಚಾಸ್ಪರ್ಧೆಗಳಲ್ಲಿ ಚೀಟಿ ಎತ್ತಿ ‘ವಿರೋಧ’ ಪಡೆದ ಹುಡುಗಿಯನ್ನು ಆಮೇಲೆ ಆ ಅಭಿಪ್ರಾಯದವಳೆಂದೇ ಕರೆಯುವುದು ನೆನಪಾಗುತ್ತದೆ.

ಸಂದರ್ಭವನ್ನು ಬದಿಗಿಟ್ಟು ಒಬ್ಬರ ನಡೆಗೆ ಅವರ ಸ್ವಭಾವವನ್ನೇ ಕಾರಣವೆನ್ನುವ ಈ ಒಲವಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೀ ರಾಸ್ 1977ರಲ್ಲಿ ಮೂಲಭೂತ ಕಾರಣಾರೋಪ ದೋಷ ಎಂಬರ್ಥದ ಹೆಸರಿಟ್ಟರು. ಅದೇ ವರ್ಷ ಅವರೂ ಸಂಗಡಿಗರೂ ಪ್ರಕಟಿಸಿದ ಇನ್ನೊಂದು ಪ್ರಯೋಗ ಬೋಧಕರೆಲ್ಲರೂ ತಿಳಿದಿರಬೇಕಾದದ್ದು. ಇಬ್ಬರಲ್ಲಿ ಒಬ್ಬರಿಗೆ ಪ್ರಶ್ನೆ ಕೇಳುವ ಪಾತ್ರ, ಇನ್ನೊಬ್ಬರಿಗೆ ಉತ್ತರಿಸುವ ಪಾತ್ರ. ಯಾರಿಗೆ ಯಾವುದೆಂಬುದು ಕೇವಲ ಅದೃಷ್ಟದ ಮಾತು. ಕೇಳುವವನು ತನಗೆ ಗೊತ್ತಿರುವ ವಿಷಯದಿಂದಲೇ ಕಠಿಣವಾದ ಪ್ರಶ್ನೆಗಳನ್ನು ರಚಿಸಿಕೊಳ್ಳಬಹುದು, ಆದ್ದರಿಂದ ಉತ್ತರಿಸುವವನು ತಡವರಿಸುವುದು ಸಹಜ. ಈ ಏರ್ಪಾಡು ಎಲ್ಲರಿಗೂ ತಿಳಿದಿತ್ತು. ಹಾಗಿದ್ದರೂ ಉತ್ತರಿಸಿದವರು ತಮಗಿಂತ ಪ್ರಶ್ನೆ ಕೇಳಿದವರು ಹೆಚ್ಚು ತಿಳಿದವರೆಂದು ಒಪ್ಪಿಕೊಂಡರು. ಹೊರಗೆ ಕುಳಿತು ನೋಡುತ್ತಿದ್ದವರೂ ಹಾಗೆಯೇ ತೀರ್ಪುಕೊಟ್ಟರು. ವೈವಾ ಪರೀಕ್ಷೆಯ ಮೇಜಿನ ಆಚೆ ಕುಳಿತವರಿಗೆ ಸಿಗುವ ಜ್ಞಾನಿಯ ಕಳೆಯಲ್ಲಿ ಎಷ್ಟು ಪಾಲು ಆ ಕುರ್ಚಿಯದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಅಧ್ಯಯನವನ್ನು ನಾನು ಓದಿಲ್ಲ.

ಇವೆಲ್ಲ ಅಮೆರಿಕದ ವಿದ್ಯಾರ್ಥಿಗಳ ಮೇಲೆ ನಡೆದವು. ಇದು ಮನುಷ್ಯರೆಲ್ಲರ ದೋಷವೋ ಅಥವಾ ವ್ಯಕ್ತಿಯನ್ನೇ ಕೇಂದ್ರದಲ್ಲಿಟ್ಟುಕೊಂಡ ಒಂದು ಸಮಾಜದ ರೂಢಿಯೋ ಎಂಬುದನ್ನು ಪರೀಕ್ಷಿಸಿದ ಹೆಸರಾಂತ ಅಧ್ಯಯನವೊಂದು ನಡೆದದ್ದು ನಮ್ಮ ಮೈಸೂರಿನಲ್ಲಿ ಎಂಬುದು ಇಲ್ಲಿ ಹಲವರಿಗೆ ತಿಳಿದಿರಲಾರದು. ಜೋನ್ ಮಿಲ್ಲರ್ 1984ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ ಶಿಕಾಗೋದ ಅಮೆರಿಕನ್ನರೂ ಮೈಸೂರಿನ ಹಿಂದೂಗಳೂ ತಮಗೆ ಪರಿಚಯವಿದ್ದವರು ಮಾಡಿದ ಒಳ್ಳೆಯ ಮತ್ತು ಕೆಟ್ಟ ಕೆಲಸಗಳನ್ನು ವಿವರಿಸಿ, ಹಾಗೇಕೆ ಮಾಡಿದರೆಂದು ಹೇಳಬೇಕಿತ್ತು. ವಕೀಲನೊಬ್ಬನ ಪ್ರಸಂಗ ಅದರಲ್ಲಿ ಪ್ರಸಿದ್ಧ. ಅವನು ಓಡಿಸುತ್ತಿದ್ದ ಮೋಟಾರ್‌ಸೈಕಲ್ಲಿನ ಹಿಂದಿನ ಸೀಟಿನಲ್ಲಿದ್ದವನು ಬಿದ್ದು ಪೆಟ್ಟಾಗುತ್ತದೆ. ವಕೀಲ ಅವನನ್ನು ಆಸ್ಪತ್ರೆಗೆ ಮುಟ್ಟಿಸಿ, ತನ್ನ ಪಾಡಿಗೆ ಕೋರ್ಟಿಗೆ ಹೊರಟುಹೋಗುತ್ತಾನೆ. ಗಾಯಾಳು ಕೊನೆಗೆ ಸಾಯುತ್ತಾನೆ. ಅಮೆರಿಕನ್ನರು ಸಾಮಾನ್ಯವಾಗಿ ಆ ವಕೀಲನ ಬೇಜವಾಬ್ದಾರಿಯತ್ತ ಬೆರಳು ತೋರಿದರೆ, ಇಲ್ಲಿಯವರ ವಿವರಣೆಯಲ್ಲಿ ಕಕ್ಷಿದಾರನ ಕಡೆಗಿದ್ದ ಕರ್ತವ್ಯ, ಆ ಹೊತ್ತಿನ ಗಾಬರಿ, ಪೆಟ್ಟು ಅಷ್ಟು ಗಂಭೀರವಾಗಿ ಕಾಣಿಸದೇ ಇದ್ದಿರಬಹುದು ಎಂಬಂಥ ಸಂದರ್ಭದ ಸಂಗತಿಗಳು ಬಂದವು. ಗಮನಿಸಬೇಕಾದದ್ದು ಇನ್ನೊಂದಿದೆ: ಎಂಟು ವರ್ಷದ ಮಕ್ಕಳಲ್ಲಿ ಈ ಎರಡು ಊರುಗಳ ನಡುವೆ ಹೆಚ್ಚು ಅಂತರವಿರಲಿಲ್ಲ, ವಯಸ್ಸಾದಂತೆ ಅದು ಹಿಗ್ಗಿತು. ಅಂದರೆ ಹೀಗೆ ಕಾರಣ ಹಚ್ಚುವುದನ್ನು ದೊಡ್ಡವರ ಮಾತು ಕೇಳುತ್ತಾ ಕಲಿಯುತ್ತೇವೆ.

ಇದನ್ನು ಓದಿ ‘ನಮ್ಮವರು ಎಷ್ಟಾದರೂ ಹೃದಯವಂತರು’ ಎಂದು ಬೀಗುವವರಿಗೆ ನಾನು ಅದಕ್ಕಿಂತ ಹತ್ತು ವರ್ಷ ಹಿಂದಿನ ಇನ್ನೊಂದು ಲೇಖನವನ್ನು ತೋರಿಸುತ್ತೇನೆ. ಡೊನಾಲ್ಡ್ ಟೇಲರ್ ಮತ್ತು ವೈಷ್ಣಾ ಜಗ್ಗಿ 1974ರಲ್ಲಿ ದಕ್ಷಿಣ ಭಾರತದ 30 ಮಂದಿ ಹಿಂದೂ ಗುಮಾಸ್ತರ ಮುಂದೆ ದಿನನಿತ್ಯದ ಪ್ರಸಂಗಗಳನ್ನಿಟ್ಟರು: ಅಂಗಡಿಯವನು ಉದಾರವಾಗಿ ನಡೆದುಕೊಂಡ, ಅಥವಾ ಮೋಸ ಮಾಡಿದ, ಅವನು ಹಿಂದೂ, ಅಥವಾ ಮುಸ್ಲಿಂ. ಹಿಂದೂವಿನ ಒಳ್ಳೆಯ ನಡತೆ ಅವನ ಗುಣವೆನಿಸಿತು, ಕೆಟ್ಟ ನಡತೆಗೆ ಸಂದರ್ಭ ಕಾರಣವಾಯಿತು. ಮುಸ್ಲಿಮನ ವಿಷಯದಲ್ಲಿ ಇದು ತಲೆಕೆಳಗಾಯಿತು. ಚಿಕ್ಕ ಅಧ್ಯಯನವೇ ಸರಿ. ಇಷ್ಟರಿಂದಲೇ ಇಡೀ ಸಮಾಜಕ್ಕೆ ಹಣೆಪಟ್ಟಿ ಹಚ್ಚಲಾಗದು, ಮತ್ತು ಬೇರೆ ದೇಶಗಳಲ್ಲಿ ಬೇರೆ ಗುಂಪುಗಳ ನಡುವೆಯೂ ಇಂಥದ್ದೇ ಒಲವು ಕಂಡುಬಂದಿದೆ. ಆದರೂ ಮೈಸೂರಿನ ಅಧ್ಯಯನದ ಪಕ್ಕದಲ್ಲಿ ಇದನ್ನಿಟ್ಟು ಓದಿದಾಗ ನನಗನಿಸುವುದಿಷ್ಟು: ಸಂದರ್ಭವನ್ನು ನೋಡುವ ಕಣ್ಣು ನಮಗೆ ಖಂಡಿತವಾಗಿಯೂ ಇದೆ, ಆದರೆ ಅದು ತೆರೆಯುವುದು ನಮ್ಮವರೆಂದು ಲೆಕ್ಕಕ್ಕೆ ತೆಗೆದುಕೊಂಡವರ ಕಡೆಗೆ. ಅಣ್ಣನ ಮಗ ಕೆಲಸ ಬಿಟ್ಟರೆ ‘ಮ್ಯಾನೇಜರ್ ಕಾಟ’, ಬೇರೆ ಜಾತಿಯ, ಬೇರೆ ರಾಜ್ಯದ ಹುಡುಗ ಬಿಟ್ಟರೆ ‘ಅವರೆಲ್ಲ ಹಾಗೇ, ಒಂದು ಕಡೆ ನಿಲ್ಲುವವರಲ್ಲ’.

ನಮಗೆ ಸಂದರ್ಭ, ಪರರಿಗೆ ಸ್ವಭಾವ ಎಂಬ ಸರಳ ಸೂತ್ರವೂ ಪೂರ್ತಿ ನಿಲ್ಲುವುದಿಲ್ಲ. ಬರ್ಟ್ರಮ್ ಮ್ಯಾಲೆ 2006ರಲ್ಲಿ 173 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗ ಆ ವ್ಯತ್ಯಾಸ ಒಟ್ಟಾರೆಯಾಗಿ ಇಲ್ಲವೆನ್ನುವಷ್ಟು ಸಣ್ಣದಾಗಿತ್ತು. ಕೆಟ್ಟ ಘಟನೆಗಳಲ್ಲಿ ಅದು ಕಾಣಿಸುತ್ತದೆ, ಒಳ್ಳೆಯವುಗಳಲ್ಲಿ ತಿರುಗಿಬೀಳುತ್ತದೆ.

ತಪ್ಪು ತಿದ್ದಿಕೊಳ್ಳುವುದು ಏಕೆ ಕಷ್ಟವೆಂಬುದಕ್ಕೆ ಡೇನಿಯಲ್ ಗಿಲ್ಬರ್ಟ್ ಮತ್ತು ಸಂಗಡಿಗರ 1988ರ ಪ್ರಯೋಗ ಉತ್ತರ ಕೊಡುತ್ತದೆ. ಚಡಪಡಿಸುತ್ತಾ ಮಾತನಾಡುವ ಹೆಂಗಸಿನ ವಿಡಿಯೋವನ್ನು ಧ್ವನಿಯಿಲ್ಲದೆ ತೋರಿಸಿ, ಆಕೆ ಮಾತನಾಡುತ್ತಿರುವ ವಿಷಯಗಳೇ ಮುಜುಗರದವು ಎಂದು ಕೆಲವರಿಗೆ ತಿಳಿಸಿದ್ದರು. ಸುಮ್ಮನೆ ನೋಡಿದವರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡರು. ಆ ವಿಷಯಗಳ ಪಟ್ಟಿಯನ್ನೇ ಬಾಯಿಪಾಠ ಮಾಡುತ್ತಾ ನೋಡಬೇಕಾಗಿದ್ದವರು ಮಾತ್ರ, ಕಾರಣ ನಾಲಗೆಯ ತುದಿಯಲ್ಲೇ ಇದ್ದರೂ, ಆಕೆ ಸ್ವಭಾವತಃ ಅಳುಕಿನವಳೆಂದು ತೀರ್ಮಾನಿಸಿದರು. ಸ್ವಭಾವ ಹಚ್ಚುವುದಕ್ಕೆ ಪುರುಸೊತ್ತು ಬೇಕಿಲ್ಲ, ಅದನ್ನು ಸಂದರ್ಭಕ್ಕೆ ತಕ್ಕಂತೆ ಸರಿಪಡಿಸುವುದಕ್ಕೆ ಬೇಕು.

ಪೋರ್ಷನ್ ಮುಗಿಸುವ ಅವಸರದಲ್ಲಿ, ಹಾಜರಿ ಪುಸ್ತಕ ತೆರೆದು ನಿಂತ ಬೋಧಕನಿಗೆ ಆ ಪುರುಸೊತ್ತು ಎಲ್ಲಿಯದು? ಬಾಗಿಲಲ್ಲಿ ಬ್ಯಾಗ್ ಹಿಡಿದು ‘ಮೇ ಐ ಕಮಿನ್ ಸರ್’ ಎನ್ನುವ ಹುಡುಗ ಆ ಗಳಿಗೆಗೆ ಸೋಮಾರಿಯೇ. ಅದಕ್ಕಾಗಿ ನಮ್ಮ ವಿಭಾಗದಲ್ಲಿ ವರ್ಷದ ಮೊದಲಲ್ಲೇ ಪ್ರತಿ ವಿದ್ಯಾರ್ಥಿಯ ಊರು, ಅಲ್ಲಿಂದ ಬೆಳಗಿನ ಬಸ್ಸು ಹೊರಡುವ ಸಮಯ, ಅದು ತಪ್ಪಿದರೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನು ಬರೆಸಿ, ಆ ಹಾಳೆಯನ್ನು ಹಾಜರಿ ಪುಸ್ತಕದ ಒಳರಟ್ಟಿಗೆ ಅಂಟಿಸುತ್ತೇವೆ. ಬೈಯುವ ಮೊದಲು ಕಣ್ಣು ಅದರ ಮೇಲೆ ಬೀಳುತ್ತದೆ. ಕಾಲೇಜಿಗೆ ಎರಡೇ ಬೀದಿ ಆಚೆಗಿನ ಮನೆಯಿಂದ ದಿನವೂ ತಡವಾಗಿ ಬರುವವರು ಯಾರೆಂಬುದೂ ಅದೇ ಹಾಳೆಯಿಂದ ಗೊತ್ತಾಯಿತು. ಅವರ ವಿಷಯದಲ್ಲಿ ಸ್ವಭಾವದ ಮಾತನ್ನು ನಾವು ಇನ್ನೂ ಹಿಂತೆಗೆದುಕೊಂಡಿಲ್ಲ.