ಜೈಲಿಗೆ ಅಕ್ಕಿ, ಬೇಳೆ, ತರಕಾರಿ: ಟೆಂಡರ್‌ನಿಂದ ತಕ್ಕಡಿವರೆಗೆ

ಜೈಲಿನ ಗೇಟಿಗೆ 40 ಮೂಟೆ ಅಕ್ಕಿ ಬಂತು ಅಂದುಕೊಳ್ಳಿ. 50 ಕೆ.ಜಿ. ಅಕ್ಕಿ ಹಿಡಿಯುವ ಖಾಲಿ ಗೋಣಿಚೀಲವೇ ಸುಮಾರು 580 ಗ್ರಾಂ ತೂಗುತ್ತದೆ. ಚೀಲದ ಸಮೇತ ತೂಗಿ 2,000 ಕೆ.ಜಿ. ಎಂದು ಬರೆದುಕೊಂಡರೆ 23 ಕೆ.ಜಿ.ಗಿಂತ ಹೆಚ್ಚು ಅಕ್ಕಿ ಕಾಗದದಲ್ಲೇ ಉಳಿಯಿತು. ತಲೆಗೆ 200 ಗ್ರಾಂ ಹಿಡಿದರೂ ಅದು 116 ಜನರ ಪಾಲು. ಒಳಗಿರುವವರು ಅಂಗಡಿಗೆ ಹೋಗಿ ಬೇರೆ ತಂದುಕೊಳ್ಳುವ ಹಾಗಿಲ್ಲ. ಹಾಗಾಗಿ ಟೆಂಡರ್‌ನಲ್ಲೇ "ಚೀಲ ಬಿಟ್ಟು ನಿವ್ವಳ ತೂಕ" ಎಂದು ಬರೆಯಬೇಕು, ಮುದ್ರೆ ಹಾಕಿಸಿದ ತಕ್ಕಡಿಯಲ್ಲಿ ಪ್ರತಿ ಮೂಟೆಯನ್ನೂ ತೂಗಬೇಕು.

ಇಂಡೆಂಟ್, ಅಂದರೆ ಬೇಕಾದ ಸಾಮಾನಿನ ಬೇಡಿಕೆ ಪಟ್ಟಿ, ಹಾಕುವಾಗ ವರ್ಷದ ಸರಾಸರಿ ಮಾತ್ರ ನೋಡಬೇಡಿ. ಜಿಲ್ಲಾ ಕಾರಾಗೃಹಕ್ಕೆ ವಿಚಾರಣಾಧೀನ ಬಂದಿಗಳು ಬರುತ್ತಾರೆ, ಜಾಮೀನಿನ ಮೇಲೆ ಹೋಗುತ್ತಾರೆ. ತಲೆಲೆಕ್ಕ ದಿನಾ ಬದಲು. 300 ಜನ, ತಲೆಗೆ 60 ಗ್ರಾಂ ಬೇಳೆ ಅಂತ ಹಿಡಿದರೆ ದಿನಕ್ಕೆ 18 ಕೆ.ಜಿ., ತಿಂಗಳಿಗೆ 540. ಇನ್ನೂ 40 ಜನ ಬಂದರೆ ದಿನಕ್ಕೆ 2.4 ಕೆ.ಜಿ. ಹೆಚ್ಚು ಬೇಕು. ಪ್ರಮಾಣ ಏರಿಳಿಸುವ ಷರತ್ತು ಇಲ್ಲದಿದ್ದರೆ ಸಾರು ತೆಳ್ಳಗಾಗುತ್ತದೆ, ಅಷ್ಟೇ.

ಸರ್ಕಾರಿ ಖರೀದಿಗೆಂದು ಕರ್ನಾಟಕ ಮಾಡಿದ 1999ರ ಪಾರದರ್ಶಕತೆ ಕಾಯ್ದೆಯಡಿ ನಡೆಯುವ ಟೆಂಡರ್‌ನಲ್ಲಿ ದರದ ಪೈಪೋಟಿ ಚೆನ್ನಾಗಿಯೇ ಆಗುತ್ತದೆ. ಸೋಲುವುದು ವಿವರಣೆಯಲ್ಲಿ. "ಉತ್ತಮ ಗುಣಮಟ್ಟದ ತೊಗರಿಬೇಳೆ" ಎಂದಷ್ಟೇ ಬರೆದರೆ ಕೆಟ್ಟ ಮಾಲನ್ನು ವಾಪಸ್ ಕಳಿಸಲು ಆಧಾರವೇ ಇರುವುದಿಲ್ಲ. ನುಚ್ಚು ಎಷ್ಟು ಶೇಕಡಾ, ತೇವಾಂಶ ಎಷ್ಟು ಎಂದು ಅಂಕಿಯಲ್ಲೇ ಬರೆಯಿರಿ. ಬಣ್ಣ, ಕೇಸರಿಬೇಳೆ (ತೊಗರಿಬೇಳೆಗೆ ಕಲಬೆರಕೆ ಮಾಡುವ ಬೇರೆ ಬೇಳೆ), ಹುಳು ಇರಕೂಡದು ಎಂದೂ ಸೇರಿಸಿ. ಒಂದು ಕೆ.ಜಿ. ಮಾದರಿಗೆ ಇಬ್ಬರ ಸಹಿ ಹಾಕಿ ಸೀಲ್ ಮಾಡಿಟ್ಟುಕೊಳ್ಳಿ. ಲೋಡ್ ಬಂದಾಗ ನಡುವಿನ ಮೂಟೆಯಿಂದ ಒಂದು ಬೊಗಸೆ ತೆಗೆದು ಅದರ ಪಕ್ಕ ಹರಡಿ, ಸ್ವಲ್ಪ ಬೇಯಿಸಿಯೂ ನೋಡಿ. ಹಳೇ ಬೇಳೆ ಎಷ್ಟು ಕುದಿಸಿದರೂ ಕಾಳು ಕಾಳಾಗೇ ಉಳಿಯುತ್ತದೆ.

ಚಿಕ್ಕಮಗಳೂರಿನ ಮಳೆಗಾಲದಲ್ಲಿ ತಿಂಗಳ ರಾಗಿಹಿಟ್ಟನ್ನು ಒಟ್ಟಿಗೆ ತರಿಸುವುದು ತಪ್ಪು. ಥಂಡಿಗೆ ಹಿಟ್ಟು ಗಂಟು ಕಟ್ಟುತ್ತದೆ, ಹುಳು ಬೀಳುತ್ತದೆ. ರಾಗಿಯನ್ನು ಕಾಳಾಗಿಯೇ ಇಟ್ಟು ವಾರಕ್ಕೆ ಬೇಕಾದಷ್ಟೇ ಬೀಸಿಸುವುದು ಒಳ್ಳೆಯದು. ಮೂಟೆಗಳು ಮರದ ಹಲಗೆ ಮೇಲಿರಲಿ, ಗೋಡೆಗೆ ತಾಗದಿರಲಿ. ಮೊದಲು ಬಂದದ್ದು ಮೊದಲು ಖರ್ಚಾಗಲಿ.

ತರಕಾರಿಯ ಕಷ್ಟವೇ ಬೇರೆ. ವರ್ಷಕ್ಕೆಲ್ಲ ಒಂದೇ ದರ ಕಟ್ಟಿದರೆ ಟೊಮೆಟೊ ಏರಿದ ವಾರ ಗುತ್ತಿಗೆದಾರ ಕುಂಬಳಕಾಯಿ, ಮೂಲಂಗಿಯನ್ನೇ ತಂದು ಸುರಿಯುತ್ತಾನೆ. ಹಾಸನದ ಸುತ್ತ ಮುಂಗಾರಿನ ಆಲೂಗಡ್ಡೆ ಕೀಳುವುದು ಮಳೆಯಲ್ಲೇ. ಒದ್ದೆ ಮಾಲು ಅಗ್ಗಕ್ಕೆ ಸಿಕ್ಕಿತೆಂದು ಹೆಚ್ಚು ತರಿಸಿದರೆ ಮೂಟೆಯೊಳಗೇ ಕೊಳೆಯುತ್ತದೆ. ಆ ವಾರದ ಎಪಿಎಂಸಿ ಸಗಟು ದರದ ಮೇಲೆ ಸಾಗಣೆ ಮತ್ತು ಲಾಭಕ್ಕೆ ಇಷ್ಟು ಶೇಕಡಾ ಎಂದು ಬಿಡ್ ಕರೆದರೆ ಇಬ್ಬರಿಗೂ ನ್ಯಾಯ.

ವಾಪಸ್ ಕಳಿಸಿದ ಮಾಲನ್ನು ಅದೇ ದಿನ ವಹಿಯಲ್ಲಿ ಕಾರಣ ಸಮೇತ ಬರೆದು ಚಾಲಕನ ಸಹಿ ಪಡೆಯಿರಿ. ಆ ಸಾಲು ಇಲ್ಲದಿದ್ದರೆ ಭದ್ರತಾ ಠೇವಣಿಯಿಂದ ಒಂದು ರೂಪಾಯಿಯನ್ನೂ ಹಿಡಿಯುವುದು ಕಷ್ಟ.