ಮದ್ದಿನಲ್ಲಿ ಬರೆದ ಚಿತ್ರ

ಸಂಜೆಯಿಂದ ತ್ಸೈ ಗುವೊ-ಚಿಯಾಂಗ್ ಅವರ ಕೆಲಸದ ವಿಡಿಯೊ ನೋಡ್ತಾ ಕೂತಿದ್ದೀನಿ. 2017ರಲ್ಲಿ ಮ್ಯಾಡ್ರಿಡ್‌ನ ಪ್ರಾಡೋ ಮ್ಯೂಸಿಯಂ ಈ ಚೀನೀ ಕಲಾವಿದರನ್ನು ಕರೆಸಿತ್ತು. ಸುಮಾರು ನಾನೂರು ವರ್ಷದ ಹಿಂದೆ ಸ್ಪೇನ್‌ನಲ್ಲಿದ್ದ ಚಿತ್ರಕಾರರಾದ ಎಲ್ ಗ್ರೆಕೊ, ವೆಲಾಸ್ಕೆತ್ ಅವರಂಥವರ ಚಿತ್ರಗಳ ಮುಂದೆ ನಿಂತು, ತಮ್ಮದೇ ರೀತಿಯಲ್ಲಿ ಉತ್ತರ ಕೊಟ್ಟರು ಇವರು. ಇವರ ಬಣ್ಣ ಸಿಡಿಮದ್ದು!

ನೆಲದ ಮೇಲೆ ಕ್ಯಾನ್ವಾಸ್ ಹಾಸಿ, ರಂಗೋಲಿ ಹಾಕೋ ಹಾಗೆ ಬಗ್ಗಿ ಬೆರಳ ಸಂದಿಯಿಂದ ಮದ್ದು ಉದುರಿಸ್ತಾರೆ. ಮೇಲೆ ಹಲಗೆ ಮುಚ್ಚಿ, ಕಲ್ಲು ಹೇರಿ, ಬತ್ತಿಗೆ ಬೆಂಕಿ. ಢಮ್ ಅಂದ ಕೂಡಲೇ ಸಹಾಯಕರು ಓಡಿಬಂದು ಕಿಡಿ ಆರಿಸ್ತಾರೆ. ಹಲಗೆ ಎತ್ತಿದರೆ ಕಪ್ಪು, ಹಳದಿ, ಕೆಂಪು ಹೊಗೆಕಲೆಯಲ್ಲಿ ಚಿತ್ರ.

ಇಷ್ಟೆಲ್ಲ ನಡೆದದ್ದು ಮ್ಯಾಡ್ರಿಡ್‌ನ ಸಲೋನ್ ದೆ ರೇನೋಸ್‌ನಲ್ಲಿ. 1630ರ ದಶಕದಲ್ಲಿ ನಾಲ್ಕನೇ ಫೆಲಿಪೆ ದೊರೆಯ ಅರಮನೆಯ ಭಾಗವಾಗಿ ಕಟ್ಟಿದ ಸಭಾಂಗಣ ಅದು. ಡಚ್ಚರ ಬ್ರೆಡಾ ಪಟ್ಟಣ ಸ್ಪೇನ್ ಸೇನೆಗೆ ಶರಣಾದದ್ದನ್ನು ವೆಲಾಸ್ಕೆತ್ ಬರೆದ ಚಿತ್ರ ಮೊದಲು ತೂಗುಹಾಕಿದ್ದು ಅಲ್ಲೇ. ಜೊತೆಗೆ ಸ್ಪೇನ್ ಗೆದ್ದ ಇನ್ನೂ ಹಲವು ಯುದ್ಧಗಳ ಚಿತ್ರಗಳು. ಆಮೇಲೆ ಅದೇ ಕಟ್ಟಡ ಎಷ್ಟೋ ವರ್ಷ ಸೇನಾ ಮ್ಯೂಸಿಯಂ ಆಗಿತ್ತು. ಅಂಥ ಜಾಗದಲ್ಲಿ ಮದ್ದು ಯಾರನ್ನೂ ಕೊಲ್ಲದೆ ಚಿತ್ರ ಬರೆಯಿತಲ್ಲ, ನನಗೆ ಅದು ತುಂಬಾ ಹಿಡಿಸಿತು.

ಎಲ್ ಗ್ರೆಕೊ ಅಂದ್ರೆ ತ್ಸೈಗೆ ಚಿಕ್ಕಂದಿನಿಂದ ಪ್ರಾಣ. ಆತ ಹುಟ್ಟಿದ ಗ್ರೀಸ್‌ನ ಕ್ರೀಟ್ ದ್ವೀಪದಿಂದ ಆತ ನೆಲೆಸಿದ ಸ್ಪೇನ್‌ನ ಟೊಲೆಡೊ ಊರಿನವರೆಗೆ ಅವನ ಹಾದಿ ಹಿಡಿದು 2009ರಲ್ಲಿ ಹೋಗಿಬಂದಿದ್ದರು. ಅಷ್ಟು ಪ್ರೀತಿ ಇದ್ದವರಿಗೇ ಹಳೆಯ ಚಿತ್ರಗಳ ಹತ್ತಿರ ಇಷ್ಟು ಸಲುಗೆ ಸಾಧ್ಯ ಅನ್ಸುತ್ತೆ. ನಮ್ಮ ಮ್ಯೂಸಿಯಂಗಳೂ ಹೀಗೆ ಇವತ್ತಿನ ಕಲಾವಿದರನ್ನು ಒಳಗೆ ಕರೆದು ತಿಂಗಳುಗಟ್ಟಲೆ ಇರೋಕೆ ಬಿಡಬೇಕು. ನಿಮ್ಮೂರಲ್ಲಿ ಅಂಥದ್ದು ನಡೆದಿದ್ರೆ ದಯವಿಟ್ಟು ಹೇಳಿ, ಬಂದು ನೋಡ್ತೀನಿ.