ಎಂಟು ಬಂದದ್ದು ಹೇಗೆ?

ವಿಜಯನಗರದಲ್ಲಿರುವ ತಂಗಿಯ ಮಗಳ ಸೆಮಿಸ್ಟರ್ ಫಲಿತಾಂಶ ಮೊಬೈಲಿನಲ್ಲೇ ಬಂತು. ನೋಂದಣಿ ಸಂಖ್ಯೆ ಹಾಕಿದರೆ ಸಾಕು. ನಮ್ಮ ಕಾಲದಲ್ಲಿ ಕಾಲೇಜಿನ ಸೂಚನಾ ಫಲಕದ ಮುಂದೆ ನೂಕುನುಗ್ಗಲು. ಆದರೆ ಅಂದು ಅಂಕ ನೋಡಿದೊಡನೆ ಅರ್ಥವಾಗುತ್ತಿತ್ತು. ಈಗ ಎಸ್‌ಜಿಪಿಎ (ಒಂದು ಸೆಮಿಸ್ಟರಿನ ಗ್ರೇಡ್ ಪಾಯಿಂಟ್‌ಗಳ ಸರಾಸರಿ), ಸಿಜಿಪಿಎ (ಈವರೆಗಿನ ಎಲ್ಲ ಸೆಮಿಸ್ಟರುಗಳದ್ದು), ಕ್ರೆಡಿಟ್ (ಪ್ರತಿ ವಿಷಯಕ್ಕೆ ಕೊಟ್ಟ ತೂಕ)!

"ದೊಡ್ಡಮ್ಮ, ಸುಮ್ಮನೆ ಕೂಡಿಸಿ ಭಾಗಿಸಬೇಡಿ" ಎಂದು ಅವಳೇ ಪಾಠ ಮಾಡಿದಳು. 4 ಕ್ರೆಡಿಟ್‌ನ ವಿಷಯದಲ್ಲಿ ಗ್ರೇಡ್ ಪಾಯಿಂಟ್ 9, 2 ಕ್ರೆಡಿಟ್‌ನದರಲ್ಲಿ 6 ಬಂದರೆ ಉತ್ತರ ಏಳೂವರೆಯಲ್ಲ; 36ಕ್ಕೆ 12 ಕೂಡಿಸಿ 6ರಿಂದ ಭಾಗಿಸಿದರೆ 8. ಹೆಚ್ಚು ಕ್ರೆಡಿಟ್ ಇರುವ ವಿಷಯದ ಮಾತೇ ನಡೆಯುತ್ತದೆ. (ಮನೆಯಲ್ಲೂ ಅಷ್ಟೇ ಬಿಡಿ.) ನನಗಂತೂ ನ್ಯಾಯವೆನಿಸಿತು.

ಪಕ್ಕದ ಮನೆಯವರು ಮಾತ್ರ "ಶೇಕಡಾ ಎಷ್ಟು?" ಎಂದೇ ಕೇಳಿದರು. ಗ್ರೇಡನ್ನು ಶೇಕಡಾಕ್ಕೆ ಬದಲಿಸುವ ಸೂತ್ರ ಎಲ್ಲ ವಿಶ್ವವಿದ್ಯಾಲಯಗಳಿಗೂ ಒಂದೇ ಅಲ್ಲ ಎಂದು ವಿವರಿಸುವಷ್ಟರಲ್ಲಿ ಲಿಫ್ಟ್ ಬಂದಿತ್ತು.